ಉಗುರಿನ ಬಣ್ಣವೂ ಉಣುಗಿನ ಎಣ್ಣೆಯೂ

ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಕಾಡಿಗೆ ಹೋಗಿ ಬಂದವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸೊಂದನ್ನು ಪತ್ತೆ ಮಾಡಿ ಅದಕ್ಕೆ ಊರಿನ ಹೆಸರನ್ನೇ ಇಟ್ಟರು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಹರಡುವುದು ಮಂಗವಲ್ಲ, ಕಾಡಿನ ಉಣುಗು. ತರಗೆಲೆಯ ಮೇಲೆ ಕೂತಿರುವ, ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು ಕಾಲಿಗೆ ಹತ್ತಿದರೆ ಸಾಕು. ಹಾಗಾಗಿ ಆ ಸೀಮೆಯವರಿಗೆ ಚರ್ಮದ ಕಾಳಜಿ ಎಂದರೆ ಅಂದಚಂದದ ಮಾತಲ್ಲ, ಜೀವದ ಮಾತು.

ಕಳೆದ ರಮಝಾನಿನ ಕೊನೆಯ ದಿನ ಆ ಕಡೆಯ ಒಂದು ಹಳ್ಳಿಯಲ್ಲಿ, ಸಂಬಂಧಿಕರ ಮನೆಯಲ್ಲಿದ್ದೆ. ಚಂದ್ರದರ್ಶನ ಆಗಿತ್ತು. ಅಡುಗೆಮನೆಯಲ್ಲಿ ಶೀರ್‌ಖುರ್ಮಾಕ್ಕೆ ಬಾದಾಮಿ ನೆನೆಯುತ್ತಿತ್ತು. ನಡುಮನೆಯಲ್ಲಿ ನಾಲ್ಕು ಹುಡುಗಿಯರು ಮೊಬೈಲ್ ಫೋನನ್ನು ಗೋಡೆಗೆ ಒರಗಿಸಿಟ್ಟು, ಅದರಲ್ಲಿ ಬರುವುದನ್ನು ನೋಡುತ್ತಾ ಉಗುರಿಗೆ ಬಣ್ಣ ಬರೆಯುತ್ತಿದ್ದರು. ಒಬ್ಬಳ ಕೈಯಲ್ಲಿ ಸಣ್ಣ ಕುಂಚ, ಇನ್ನೊಬ್ಬಳ ಕೈಯಲ್ಲಿ ನೇರಳೆ ಬೆಳಕು ಬೀರುವ ಪುಟ್ಟ ದೀಪ. ಮೂರನೆಯವಳು ಮುಖಕ್ಕೆ ಯಾವುದೋ ಬಿಳಿ ಕ್ರೀಮು ಬಳಿದುಕೊಂಡು ಕೂತಿದ್ದಳು. ಪಕ್ಕದ ಮನೆಯ ಹುಡುಗಿ ಕೈ ಚಾಚಿ ತನ್ನ ಸರದಿಗೆ ಕಾಯುತ್ತಿದ್ದಳು. ಅವಳಿಗೆ ಈದ್ ಇಲ್ಲ, ಆದರೆ ಗೆಳತಿಯರ ಹಬ್ಬ ಅವಳದ್ದೂ ಹೌದು.

ನಾನಿ ಬಾಗಿಲಲ್ಲಿ ನಿಂತು ಗೊಣಗಿದರು: "ಈ ಬಣ್ಣ ಇಟ್ಟುಕೊಂಡು ಬೆಳಿಗ್ಗೆ ವುಝೂ ಹೇಗೆ ಮಾಡ್ತೀರಿ?"

"ನಮಾಝಿಗೆ ಮೊದಲು ತೆಗೀತೀವಿ ನಾನಿ" ಎಂದಳು ದೊಡ್ಡವಳು.

"ತೆಗೆಯೋದಾದ್ರೆ ಹಾಕೋದ್ಯಾಕೆ?"

ಹುಡುಗಿ ಉತ್ತರ ಕೊಡಲಿಲ್ಲ, ನಕ್ಕಳು. ಆ ನಗುವಿನಲ್ಲಿ ಉತ್ತರ ಇತ್ತು. ಹಾಕುವ ಆ ಒಂದು ಗಂಟೆಯ ಗದ್ದಲ, ಮಾತು, ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಳ್ಳುವ ಸಲಿಗೆ, ಅದೇ ಹಬ್ಬ.

ಅದೇ ಕೋಣೆಯ ಗೂಡಿನಲ್ಲಿ ಇನ್ನೊಂದು ಬಾಟಲಿಯನ್ನು ನೋಡಿದೆ. ಆರೋಗ್ಯ ಇಲಾಖೆಯವರು ಕೊಟ್ಟಿದ್ದ ಡೇಪಾ ಎಣ್ಣೆ. ಕಾಡಿಗೆ ಸೊಪ್ಪು, ಸೌದೆ ತರಲು ಹೋಗುವಾಗ ಕೈಕಾಲಿಗೆ ಸವರಿಕೊಳ್ಳುವ, ಉಣುಗನ್ನು ದೂರವಿಡುವ ಎಣ್ಣೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡ ಔಷಧವದು. ಅದರ ಪಕ್ಕದಲ್ಲಿ ಆ ಬಿಳಿ ಕ್ರೀಮಿನ ಡಬ್ಬಿ. ಎರಡೂ ಚರ್ಮಕ್ಕೆ ಹಚ್ಚುವಂಥವೇ. ಒಂದನ್ನು ಹೇಗೆ ಹಚ್ಚಬೇಕು, ಯಾವಾಗ ತೊಳೆಯಬೇಕು ಎಂದು ಆಶಾ ಕಾರ್ಯಕರ್ತೆ ಮನೆಗೆ ಬಂದು ಕನ್ನಡದಲ್ಲಿ ಹೇಳಿ ಹೋಗಿದ್ದಳು. ಇನ್ನೊಂದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಡಬ್ಬಿ ತಿರುಗಿಸಿ ನೋಡಿದೆ. ಗುಲಾಬಿಯ ಚಿತ್ರ ಇತ್ತು. ತಯಾರಿಸಿದವರ ವಿಳಾಸ ಇರಲಿಲ್ಲ. ಒಳಗೇನಿದೆ ಎಂಬ ಪಟ್ಟಿ ಇರಲಿಲ್ಲ. ಪರವಾನಗಿ ಸಂಖ್ಯೆ ಇರಲಿಲ್ಲ.

"ಎಲ್ಲಿಂದ ತಂದೆ?" ಎಂದೆ.

"ಗೆಳತಿ ಕೊಟ್ಟಳು ಖಾಲಾ. ಏಳು ದಿನದಲ್ಲಿ ಬೆಳ್ಳಗಾಗುತ್ತಂತೆ."

ಅವಳಿಗೆ ಹತ್ತೊಂಬತ್ತು ವರ್ಷ. ಆ ವರ್ಷದಲ್ಲಿ ಎರಡು ಕಡೆಯವರು ನೋಡಿ ಹೋಗಿದ್ದರು. ಎರಡನೆಯವರು "ಹುಡುಗಿ ಒಳ್ಳೆಯವಳು, ಬಣ್ಣ ಮಾತ್ರ ಸ್ವಲ್ಪ ಕಡಿಮೆ" ಎಂದು ಹೇಳಿ ಕಳಿಸಿದ್ದರು. ಇದನ್ನು ನನಗೆ ಹೇಳಿದ್ದು ಅವಳ ತಾಯಿ. ಅಡಿಕೆ ಸುಗ್ಗಿ ಮುಗಿದು ದಿನಗಳಾಗಿದ್ದರೂ ಆ ತಾಯಿಯ ಉಗುರಿನ ಅಂಚಿನಿಂದ ಚೊಗರಿನ ಕಪ್ಪು ಇನ್ನೂ ಹೋಗಿರಲಿಲ್ಲ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಅದು ಆ ಹುಡುಗಿಯರ ಮೇಲಲ್ಲ.

ಹೆಣ್ಣುಮಕ್ಕಳು ಅಲಂಕಾರದ ವಿಷಯ ಎತ್ತಿದ ಕೂಡಲೇ ನಮ್ಮಲ್ಲಿ ಎರಡು ಬಗೆಯ ಭಾಷಣಕಾರರು ಎದ್ದು ನಿಲ್ಲುತ್ತಾರೆ. ಒಬ್ಬರು ವೇದಿಕೆಯಿಂದ, "ಇದೆಲ್ಲ ಹೊಸ ಕಾಲದ ಹಾಳು ಶೋಕಿ, ನಮ್ಮ ಹೆಣ್ಣುಮಕ್ಕಳು ಕೆಡುತ್ತಿದ್ದಾರೆ" ಎನ್ನುತ್ತಾರೆ. ಈ ಭಾಷಣ ಮಸೀದಿಯ ಅಂಗಳದಲ್ಲಿ ಮಾತ್ರ ಕೇಳುತ್ತದೆ ಎಂದುಕೊಳ್ಳಬೇಡಿ. ಮಠದ ಜಗಲಿಯಲ್ಲೂ ಕಾಲೇಜಿನ ವಾರ್ಷಿಕೋತ್ಸವದಲ್ಲೂ ಕೇಳುತ್ತದೆ. ಇನ್ನೊಬ್ಬರು ಮೊಬೈಲ್ ಪರದೆಯಿಂದ, "ನಿನ್ನ ಮುಖ ನಿನ್ನ ಹಕ್ಕು, ಇದನ್ನು ಕೊಂಡುಕೋ" ಎನ್ನುತ್ತಾರೆ. ಮೊದಲನೆಯವರು ಹುಡುಗಿಗೆ ನಾಚಿಕೆ ಕಲಿಸುತ್ತಾರೆ, ಎರಡನೆಯವರು ಆ ನಾಚಿಕೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ. ಡಬ್ಬಿಯೊಳಗೆ ಏನಿದೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳುವುದಿಲ್ಲ.

ನಾವಾದರೂ ಕೇಳೋಣ.

ಒಂದು ವಾರದಲ್ಲಿ ಬಣ್ಣ ತಿಳಿಯಾಗಿಸುವ ಅನಾಮಧೇಯ ಕ್ರೀಮುಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿರುವುದು ಎರಡು ವಸ್ತುಗಳು. ಮೊದಲನೆಯದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ಅದು ತಡೆಯುತ್ತದೆ. ಆದ್ದರಿಂದ ಬಣ್ಣ ನಿಜಕ್ಕೂ ತಿಳಿಯಾಗುತ್ತದೆ. ಕನ್ನಡಿ ಸುಳ್ಳು ಹೇಳುವುದಿಲ್ಲ. ಆದರೆ ಪಾದರಸ ಚರ್ಮದಲ್ಲೇ ನಿಲ್ಲದೆ ರಕ್ತಕ್ಕಿಳಿದು ಮೂತ್ರಪಿಂಡ ಸೇರುತ್ತದೆ. ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರಿಂದ 2023ರ ನಡುವೆ ಒಂದು ವಿಚಿತ್ರವನ್ನು ಗಮನಿಸಿದರು. ಮೂತ್ರದಲ್ಲಿ ಪ್ರೋಟೀನು ಸೋರಿಹೋಗುವ, ಮೈ ಊದಿಕೊಳ್ಳುವ ಕಾಯಿಲೆಯ 22 ಮಂದಿಯಲ್ಲಿ 15 ಮಂದಿಗೆ ಅದರ ಅಪರೂಪದ ಬಗೆಯೊಂದು ಬಂದಿತ್ತು. ಆ 15ರಲ್ಲಿ 13 ಮಂದಿ ಬಣ್ಣ ತಿಳಿಯಾಗಿಸುವ ಕ್ರೀಮು ಬಳಸಿದವರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು. ಈ ಅಧ್ಯಯನ ಮೂತ್ರಪಿಂಡ ಶಾಸ್ತ್ರದ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆಗೆ ಇಳಿಯಿತು. ಮಲಪ್ಪುರಂ ಮುಸ್ಲಿಮರು ಹೆಚ್ಚಾಗಿರುವ ಜಿಲ್ಲೆ ಎಂಬುದನ್ನು ನಾವು ನೆನಪಿಡಬೇಕು. ನಮ್ಮದೇ ಮದುವೆ ಮಾತುಕತೆಗಳಲ್ಲಿ ಬಣ್ಣದ ತೂಕ ಎಷ್ಟೆಂದು ನಮಗೆ ಗೊತ್ತಿದೆ.

ಎರಡನೆಯದು ಸ್ಟೆರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಮುಂತಾದ ಹೆಸರಿನವು. ಇವು ವಿಷವಲ್ಲ, ಒಳ್ಳೆಯ ಔಷಧಗಳು. ವೈದ್ಯರು ಹೇಳಿದ ಕಾಯಿಲೆಗೆ, ಹೇಳಿದಷ್ಟು ದಿನ ಹಚ್ಚಿದರೆ ಗುಣವಾಗುತ್ತದೆ. ಅದನ್ನೇ ದಿನವೂ ಮುಖಕ್ಕೆ ಹಚ್ಚಿದರೆ ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಳು ಕಳೆದ ಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಬೇಡದ ಕಡೆ ಕೂದಲು ಬೆಳೆಯುತ್ತದೆ. ಗಾಬರಿಯಿಂದ ನಿಲ್ಲಿಸಿದರೆ ಉರಿ ಇಮ್ಮಡಿಯಾಗುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಚರ್ಮವೈದ್ಯರ ಸಂಘಟನೆ ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು. ನಿಮ್ಮ ಊರಿನ ಔಷಧದಂಗಡಿಯಲ್ಲಿ ಚೀಟಿ ಕೇಳುತ್ತಾರೆಯೇ? ನೀವೇ ಹೋಗಿ ನೋಡಿ.

ಇನ್ನು ಉಗುರು. ಮಾಮೂಲಿ ನೇಲ್ ಪಾಲಿಶ್ ಗಾಳಿಗೆ ಒಣಗುವ ಒಂದು ತೆಳು ಪದರ. ಉಗುರಿನ ಮೇಲಿದ್ದರೆ ದೊಡ್ಡ ಕೇಡಿಲ್ಲ. ಅದೂ, ಅದನ್ನು ತೆಗೆಯುವ ದ್ರಾವಣವೂ ಬೆಂಕಿಗೆ ತಟ್ಟನೆ ಹೊತ್ತಿಕೊಳ್ಳುತ್ತವೆ ಎಂಬುದು ಗೊತ್ತಿದ್ದು, ಒಲೆಯಿಂದ ದೂರ ಕೂತರೆ ಸಾಕು. ಹೊಸದಾಗಿ ಬಂದಿರುವ ಜೆಲ್ ಬಣ್ಣದ ಕತೆ ಬೇರೆ. ಅದು ಅಕ್ರಿಲೇಟ್ ಎಂಬ ರಾಸಾಯನಿಕದ ದ್ರವ, ನೇರಳಾತೀತ ದೀಪದ ಕೆಳಗೆ ಗಟ್ಟಿಯಾಗುತ್ತದೆ. ದೀಪ ಕಳಪೆಯಾದರೆ ಪೂರ್ತಿ ಗಟ್ಟಿಯಾಗುವುದಿಲ್ಲ. ಕೈ ನಡುಗಿದರೆ ಉಗುರಿನ ಸುತ್ತಲ ಚರ್ಮಕ್ಕೆ ತಗಲುತ್ತದೆ. ಹೀಗೆ ಮತ್ತೆ ಮತ್ತೆ ತಗಲಿದರೆ ಕೆಲವರಿಗೆ ಅಲರ್ಜಿ ಹತ್ತುತ್ತದೆ, ಹತ್ತಿದ್ದು ಸಾಮಾನ್ಯವಾಗಿ ಜೀವಮಾನವಿಡೀ ಬಿಡುವುದಿಲ್ಲ. ಹಲ್ಲಿನ ಕುಳಿ ತುಂಬುವ ವಸ್ತುವಿನಲ್ಲಿ, ಮೂಳೆಯ ಶಸ್ತ್ರಚಿಕಿತ್ಸೆಯ ಸಿಮೆಂಟಿನಲ್ಲಿ ಇರುವುದೂ ಇದೇ ಕುಟುಂಬದ ರಾಸಾಯನಿಕ. ಹತ್ತೊಂಬತ್ತರ ಉಗುರಿನ ಆಟ ಅರವತ್ತರ ಮೊಣಕಾಲಿನ ಚಿಕಿತ್ಸೆಗೆ ಅಡ್ಡ ಬರಬಹುದು. ಕೆಲವು ಜೆಲ್‌ಗಳಲ್ಲಿ ಬಳಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಅಲ್ಲಿ ಬೇಡವಾದದ್ದು ಅಗ್ಗದ ಬೆಲೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ನಾವು ಕೇಳಲೇಬೇಕಾದ ಪ್ರಶ್ನೆ.

"ಅದಕ್ಕೇ ಹೇಳೋದು, ಮನೆಮದ್ದೇ ಒಳ್ಳೆಯದು, ನಮ್ಮ ಮೆಹೆಂದಿಯೇ ಒಳ್ಳೆಯದು" ಎಂದು ಓದುಗರಲ್ಲಿ ಕೆಲವರು ತಲೆಯಾಡಿಸುತ್ತಿರಬಹುದು. ತಡೆಯಿರಿ. ಮದರಂಗಿ ಎಲೆ ಅರೆದು ಹಚ್ಚಿದರೆ ಬರುವುದು ಕಿತ್ತಳೆ, ಕೆಂಪು, ಕಂದು. ಅದಕ್ಕೆ ಗಂಟೆಗಳು ಬೇಕು. ಅರ್ಧ ಗಂಟೆಯಲ್ಲಿ ಕಡುಕಪ್ಪು ಬಣ್ಣ ಕೊಡುವ ಕೋನ್ ಬರೀ ಮದರಂಗಿಯಲ್ಲ. ಅಂಥವುಗಳಲ್ಲಿ ತಲೆಗೂದಲಿಗೆ ಹಾಕುವ ಕಪ್ಪು ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಸೇರಿಸಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಕೈಯಲ್ಲಿ ಬಿಡಿಸಿದ ಹೂವಿನ ಆಕಾರದಲ್ಲೇ ಬೊಕ್ಕೆ ಏಳುವುದು ಅದರಿಂದ. ಹಾಗೆಯೇ ನಿಂಬೆರಸ, ಅಡುಗೆ ಸೋಡಾ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯದಂತೆ ಕಲೆ ಬೀಳಬಹುದು. ಅಡುಗೆಮನೆಯಲ್ಲಿರುವುದೆಲ್ಲ ಹೊಟ್ಟೆಗೆ ಒಳ್ಳೆಯದಿರಬಹುದು, ಕೆನ್ನೆಗಲ್ಲ.

ಅಂದರೆ ನೈಸರ್ಗಿಕ ಎಂದ ಮಾತ್ರಕ್ಕೆ ಅಮೃತವಲ್ಲ, ರಾಸಾಯನಿಕ ಎಂದ ಮಾತ್ರಕ್ಕೆ ವಿಷವೂ ಅಲ್ಲ. ಇದಕ್ಕೆ ಸಾಕ್ಷಿ ಕ್ಯಾಸನೂರಿನ ಸೀಮೆಯಲ್ಲೇ ಇದೆ. ಡೇಪಾ ಬರುವ ಮೊದಲು ಮಲೆನಾಡಿನಲ್ಲಿ ಹಂಚುತ್ತಿದ್ದುದು ಡಿಎಂಪಿ ಎಣ್ಣೆ. ಅದರ ಪೂರ್ತಿ ಹೆಸರು ಡೈಮೀಥೈಲ್ ಥಾಲೇಟ್. ನೇಲ್ ಪಾಲಿಶ್ ಬಿರುಕು ಬಿಡದಿರಲೆಂದು ಒಂದು ಕಾಲಕ್ಕೆ ಧಾರಾಳವಾಗಿ ಬೆರೆಸುತ್ತಿದ್ದ ಡೈಬ್ಯೂಟೈಲ್ ಥಾಲೇಟ್ ಅದರ ದಾಯಾದಿ. ಈ ದಾಯಾದಿಯನ್ನು ಯುರೋಪ್ ಸೌಂದರ್ಯವರ್ಧಕಗಳಿಂದ ಹೊರಹಾಕಿತು. ಕಾಡಿಗೆ ಹೋಗುವವರ ಕಾಲಿಗೆ ಮಾತ್ರ ಡಿಎಂಪಿ ಕಾವಲಾಗಿ ನಿಂತಿತು. ಒಂದೇ ಕುಟುಂಬದ ಎರಡು ವಸ್ತು. ವ್ಯತ್ಯಾಸ ಮಾಡಿದ್ದು ಯಾವುದು, ಎಷ್ಟು, ಯಾವುದಕ್ಕೆ, ಯಾರು ತಿಳಿಸಿ ಕೊಟ್ಟರು ಎಂಬ ಲೆಕ್ಕ. ಆ ಲೆಕ್ಕ ತಿಳಿಯುವ ಹಕ್ಕು ಹಚ್ಚಿಕೊಳ್ಳುವವಳಿಗೆ ಇರಬೇಕು. ನನ್ನ ವಾದ ಇಷ್ಟೇ.

ಕಾನೂನು ಇಲ್ಲವೆಂದಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಇದೆ. 2020ರ ಸೌಂದರ್ಯವರ್ಧಕ ನಿಯಮಗಳಿವೆ. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಂದಿನೊಳಗೆ ಬಳಸಬೇಕು, ಒಳಗೇನಿದೆ, ಇವೆಲ್ಲ ಡಬ್ಬಿಯ ಮೇಲೆ ಇರಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು, ನೋಂದಣಿ ಸಂಖ್ಯೆ ಇರಬೇಕು. ಪಾದರಸ ಬೆರೆಸಕೂಡದು. ಇಷ್ಟಾಗಿಯೂ ಹಳ್ಳಿಯ ಹುಡುಗಿಯ ಕೈಗೆ ಬರುವ ಡಬ್ಬಿಯ ಮೇಲೆ ಗುಲಾಬಿಯ ಚಿತ್ರ ಮಾತ್ರ ಇರುತ್ತದೆ. ಪಟ್ಟಿ ಇದ್ದರೂ ಅದು ಇಂಗ್ಲಿಷಿನಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣ ಅಕ್ಷರದಲ್ಲಿ.

ಕನ್ನಡದಲ್ಲಿ ಬರೆಸುವುದು ಆಗದ ಮಾತೇನಲ್ಲ. ಪಿಪಿಡಿ ಇರುವ ಕೂದಲ ಬಣ್ಣದ ಮೇಲೆ "ಚರ್ಮಕ್ಕೆ ತೊಂದರೆ ಆಗಬಹುದು, ಮೊದಲು ಪರೀಕ್ಷಿಸಿ ನೋಡಿ, ರೆಪ್ಪೆ ಹುಬ್ಬುಗಳಿಗೆ ಹಚ್ಚಬೇಡಿ" ಎಂಬ ಅರ್ಥದ ಎಚ್ಚರಿಕೆಯನ್ನು ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಗಳಲ್ಲೂ ಹಾಕಬೇಕೆಂದು ನಮ್ಮ ನಿಯಮವೇ ಹೇಳುತ್ತದೆ. ಒಂದು ವಸ್ತುವಿಗೆ ಆಗುವುದು ಮುಖಕ್ಕೆ ಹಚ್ಚುವ ಕ್ರೀಮಿಗೆ, ಉಗುರಿನ ಅಂಟಿಗೆ ಯಾಕೆ ಆಗಬಾರದು? ಅಂಗಡಿಯ ಫಲಕದಲ್ಲಿ ಕನ್ನಡ ದೊಡ್ಡದಾಗಿರಲಿ ಎಂದು ಬೀದಿಗಿಳಿಯುವ ನಾವು, ಮಗಳ ಮುಖಕ್ಕೆ ಹಚ್ಚುವ ಡಬ್ಬಿಯಲ್ಲಿ ಕನ್ನಡ ಇರಲಿ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಇನ್ನೊಂದು ಹೋಲಿಕೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಮಂಗನ ಕಾಯಿಲೆಗೆ ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಐಸಿಎಂಆರ್ ನೇತೃತ್ವದಲ್ಲಿ ಕೆಲಸ ನಡೆದಿದೆ. ಈ ನಡುವೆ ಜನರಿಗಿರುವ ಆಸರೆ ಎಣ್ಣೆ, ಮೈತುಂಬ ಬಟ್ಟೆ, ಕಾಡಿನಿಂದ ಬಂದ ಮೇಲೆ ಬಿಸಿನೀರು, ಸಾಬೂನಿನ ಸ್ನಾನ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಸಾವಿನ ಮೇಲೆ ಸಾವು ಆದದ್ದನ್ನು ಶಿವಮೊಗ್ಗ ಜಿಲ್ಲೆ ಮರೆತಿಲ್ಲ. ಆ ಎಣ್ಣೆಗೆ ಇಲಾಖೆಯ ದಾರಿ ಕಾಯಬೇಕು. ಹೊತ್ತಿಗೆ ಸರಿಯಾಗಿ ಬರಲಿಲ್ಲ ಎಂಬ ದೂರು ಮಲೆನಾಡಿಗೆ ಹೊಸದಲ್ಲ. ಬಿಳಿಯಾಗಿಸುವ ಕ್ರೀಮಿಗೆ ಯಾರೂ ಕಾಯಬೇಕಿಲ್ಲ. ಮಳೆಯಿರಲಿ, ರಸ್ತೆ ಕೊಚ್ಚಿಹೋಗಿರಲಿ, ಸಣ್ಣ ಪೊಟ್ಟಣವಾಗಿ ಕಿರಾಣಿ ಅಂಗಡಿಯ ಬಾಗಿಲಲ್ಲಿ ಸಾಲಾಗಿ ನೇತಾಡುತ್ತಿರುತ್ತದೆ. ಜೀವ ಉಳಿಸುವ ಎಣ್ಣೆಗಿಂತ ಬಣ್ಣ ಬದಲಿಸುವ ಆಸೆ ಬೇಗ ಊರು ತಲುಪುತ್ತದೆ. ಇದು ಹುಡುಗಿಯರ ಶೋಕಿಯಿಂದ ಆದದ್ದೇ?

ಆಸೆಯನ್ನು ಯಾರು ಬಿತ್ತಿದರು ಎಂದೂ ಕೇಳಬೇಕು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 45 ವರ್ಷ ಆ ಹೆಸರಿನಲ್ಲೇ ಬೆಳೆಯಿತು. ಕಪ್ಪಗಿರುವವರನ್ನು ಕೀಳಾಗಿ, ಸೋತವರಂತೆ ತೋರಿಸಬಾರದೆಂದು ಜಾಹೀರಾತು ಮಂಡಳಿ ನಿಯಮ ಮಾಡಿದ್ದು 2014ರಲ್ಲಿ. ಅಮೆರಿಕದಲ್ಲಿ ಕರಿಯರ ಜೀವದ ಬೆಲೆಯ ಕುರಿತು ಚಳವಳಿ ಎದ್ದ 2020ರಲ್ಲಿ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂತು. ಹೆಸರು ಬದಲಾಯಿತು, ಸರಿ. ನಮ್ಮ ಮದುವೆ ಜಾಹೀರಾತುಗಳಲ್ಲಿ, ದಲ್ಲಾಳಿಗಳ ಡೈರಿಯಲ್ಲಿ 'ಗೋಧಿ ಬಣ್ಣ', 'ತೆಳ್ಳಗೆ ಬೆಳ್ಳಗೆ' ಹೋಯಿತೇ? ಕಂಪನಿಯನ್ನು ಬಯ್ಯುವುದು ಸುಲಭ. ಆದರೆ ಕಂಪನಿ ನಮ್ಮ ಮನೆಯ ಜಗಲಿಯಲ್ಲಿ ಕೂತು ಹುಡುಗಿ ನೋಡುವುದಿಲ್ಲ. ನೋಡುವವರು ನಾವು.

ಅರಬನಿಗೆ ಅರಬನಲ್ಲದವನ ಮೇಲೆ, ಬಿಳಿಯನಿಗೆ ಕರಿಯನ ಮೇಲೆ ಯಾವ ಹಿರಿಮೆಯೂ ಇಲ್ಲವೆಂಬ ಪ್ರವಾದಿಯವರ ಕೊನೆಯ ಹಜ್ ಪ್ರವಚನದ ಮಾತನ್ನು ನಾವು ವರ್ಷಕ್ಕೆ ಹತ್ತು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ವೇದಿಕೆಯಿಂದ ಇಳಿದು ಮಗನಿಗೆ ಹೆಣ್ಣು ನೋಡಲು ಹೊರಟಾಗ ಆ ಮಾತು ಚಪ್ಪಲಿಯ ಜೊತೆ ಬಾಗಿಲಲ್ಲೇ ಉಳಿಯುತ್ತದೆ. ನೇಲ್ ಪಾಲಿಶ್ ಇದ್ದರೆ ನೀರು ಉಗುರಿಗೆ ತಲುಪುವುದಿಲ್ಲ, ವುಝೂ ಪೂರ್ತಿಯಾಗುವುದಿಲ್ಲ ಎಂದು ನಾನಿ ಹೇಳಿದ್ದು ಸರಿಯೇ. ಹುಡುಗಿಗೂ ಅದು ಗೊತ್ತು, ಅವಳು ತೆಗೆಯುತ್ತಾಳೆ. ಆದರೆ ಉಗುರಿನ ಮೇಲಿನ ಪದರವನ್ನು ಕಂಡ ನಾವು, ನಮ್ಮ ಮನಸ್ಸಿನ ಮೇಲಿರುವ ಬಿಳಿ ಬಣ್ಣದ ಪದರವನ್ನು ಯಾಕೆ ಕಾಣುವುದಿಲ್ಲ? ಅದನ್ನು ತೆಗೆಯುವ ದ್ರಾವಣ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಮನೆಯಲ್ಲಿ ಪ್ರಯೋಗ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಚೊಗರು ಹಿಡಿದ ಕೈಗಳಿಗೂ ಒಂದು ದಿನ ಬಣ್ಣ ಬೇಕೆನಿಸುತ್ತದೆ. ಅಡಿಕೆ ಸುಲಿದು, ಶುಂಠಿ ಕಿತ್ತು, ಸಗಣಿ ಬಾಚಿ ಒರಟಾದ ಬೆರಳಿನ ತುದಿಯಲ್ಲಿ ಒಂದು ಪುಟ್ಟ ಹೂವು ಅರಳಿದರೆ ಯಾರ ಮನೆಯೂ ಮುಳುಗುವುದಿಲ್ಲ. ಈ ಸೀಮೆಗೆ ಅಲಂಕಾರ ಹೊಸದೂ ಅಲ್ಲ. ಸೊರಬ, ಸಾಗರದ ಗುಡಿಗಾರರು ಗಂಧದ ತುಂಡಿನಲ್ಲಿ ಎಂಥ ಸೂಕ್ಷ್ಮ ಕುಸುರಿ ಬಿಡಿಸುತ್ತಾರೆ ಎಂದು ನೋಡಿದವರಿಗೆ ಗೊತ್ತು. ಅದೇ ಗಂಧವನ್ನು ಸಾಣೆಕಲ್ಲಿನಲ್ಲಿ ತೇಯ್ದು ಹಣೆಗೆ, ಕೆನ್ನೆಗೆ ಹಚ್ಚಿದ ಅಜ್ಜಿಯರು ನಮ್ಮ ಎಲ್ಲ ಜಾತಿ ಮತಗಳಲ್ಲೂ ಇದ್ದರು. ಅವರು ಹಚ್ಚಿದ್ದು ತಂಪಿಗೆ, ಪರಿಮಳಕ್ಕೆ. ಮರ ಯಾವುದೆಂದು ಅವರಿಗೆ ಗೊತ್ತಿತ್ತು.

ಅಷ್ಟು ಗೊತ್ತಿರುವುದು ಇಂದಿನ ಹುಡುಗಿಗೂ ಬೇಕು. ಹೊಸದನ್ನು ತಂದರೆ ಮೊದಲು ಮೊಣಕೈಯ ಒಳಬದಿಗೆ ಒಂದಿಷ್ಟು ಹಚ್ಚಿ ಒಂದೆರಡು ದಿನ ನೋಡಲಿ. ವಿಳಾಸವಿಲ್ಲದ ಡಬ್ಬಿಯನ್ನು ಗೆಳತಿ ಕೊಟ್ಟರೂ ಬೇಡವೆನ್ನಲಿ. ವಾರದಲ್ಲಿ ಬಿಳಿಯಾಗಿಸುವ ಕ್ರೀಮು ಕಂಡರೆ ಮುಖಕ್ಕಿಂತ ಮೊದಲು ಮೂತ್ರಪಿಂಡ ನೆನಪಾಗಲಿ. ಕೆಲಕಾಲ ಹಚ್ಚಿದವರು ಕಾಲು ಊದಿದರೆ, ಮೂತ್ರ ನೊರೆ ಬಂದರೆ ನಾಚದೆ ವೈದ್ಯರಿಗೆ ಡಬ್ಬಿ ಸಮೇತ ತೋರಿಸಲಿ. ಕಾಲೇಜುಗಳಲ್ಲಿ, ಮದರಸಾಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಶೋಕಿಯ ವಿರುದ್ಧ ಭಾಷಣ ನಿಲ್ಲಿಸಿ, ಲೇಬಲ್ ಓದುವುದನ್ನು ಕಲಿಸಲಿ. ಉಣುಗಿನ ಎಣ್ಣೆ ಹಚ್ಚುವುದನ್ನು ಹೇಳಿಕೊಡಬಲ್ಲ ಆಶಾ ಕಾರ್ಯಕರ್ತೆ ಇದನ್ನೂ ಹೇಳಿಕೊಡಬಲ್ಲಳು. ಅವಳಿಗೆ ಮೊದಲು ಯಾರಾದರೂ ತಿಳಿಸಬೇಕು, ಆ ಕೆಲಸಕ್ಕೆ ಸಂಬಳವನ್ನೂ ಕೊಡಬೇಕು.

ಆ ರಾತ್ರಿ ನಾನು ಕ್ರೀಮಿನ ಡಬ್ಬಿ ಕಿತ್ತುಕೊಳ್ಳಲಿಲ್ಲ. ಮಲಪ್ಪುರಂನ ಕತೆ ಹೇಳಿದೆ. ಹುಡುಗಿ ಸುಮ್ಮನೆ ಎದ್ದು ಹೋಗಿ ಮುಖ ತೊಳೆದು ಬಂದಳು. ಡಬ್ಬಿಯನ್ನು ಏನು ಮಾಡಿದಳೋ ನಾನು ಕೇಳಲಿಲ್ಲ. ಆಮೇಲೆ ಅವಳು ಕುಂಚ ಹಿಡಿದು ತಾಯಿಯನ್ನು ಕರೆದಳು. "ಅಮ್ಮಿ, ಕೈ ಕೊಡು." ತಾಯಿ ನಾಚುತ್ತಾ, ಸೆರಗಿಗೆ ಕೈ ಒರೆಸಿಕೊಂಡು ಚಾಚಿದಳು. ಚೊಗರಿನ ಕಪ್ಪಿನ ಪಕ್ಕ ಒಂದು ಕೆಂಪು ಹೂವು ಬಂತು. ನಾನಿ ಗೊಣಗಲಿಲ್ಲ.

ಆ ಹುಡುಗಿಯನ್ನು ನೋಡಲು ಮೂರನೆಯ ಕಡೆಯವರು ಬರಲಿದ್ದಾರೆ. ಅವರು ಈ ಪತ್ರಿಕೆಯ ಓದುಗರೇ ಆಗಿರಬಹುದು. ಅವರಲ್ಲಿ ನನ್ನದೊಂದೇ ವಿನಂತಿ: ಚಹಾ ಕುಡಿಯಿರಿ, ಅವಳ ಓದು ಕೇಳಿ, ಅವಳ ಇಷ್ಟ ಕೇಳಿ. ಬಣ್ಣದ ಮಾತನ್ನು ಮಾತ್ರ ಆಡಬೇಡಿ. ನೀವು ಸುಮ್ಮನಿದ್ದರೆ ಆ ಡಬ್ಬಿಗಳಲ್ಲಿ ಅರ್ಧದಷ್ಟು ಅಂಗಡಿಯಲ್ಲೇ ಉಳಿಯುತ್ತವೆ.